ಅರ್ಜಿಯಲ್ಲಿ ಹೊಡೆದುಹಾಕಿದ ಹೆಸರು

ಗೊಲ್ಲಾಳಪ್ಪ ಸಿಳ್ಳು ಹೊಡೆದ!

ಆ ಸಿಳ್ಳಿಗೆ ಸ್ಟೇಷನ್ ರಸ್ತೆಯ ಟಾಂಗಾ ಕುದುರೆಗಳೆಲ್ಲ ನಿಂತಲ್ಲೇ ನಿಂತವು. ಸೊಲ್ಲಾಪುರದ ರೈಲು ಅರ್ಧ ತಾಸು ತಡವಾಯಿತು. ಅದು ದಿನಾ ತಡವಾಗುತ್ತಿತ್ತು ಎನ್ನುವವರಿದ್ದಾರೆ. ಅವರು ಆ ಸಿಳ್ಳು ಕೇಳಿದವರಲ್ಲ.

ಎಪ್ಪತ್ತಾರನೇ ಇಸವಿ. ಗುರಲಿಂಗಪ್ಪ ಸಾವುಕಾರರ ಟೈಪಿಂಗ್ ಕ್ಲಾಸಿನ ಮಹಡಿಯಲ್ಲಿ ಆರು ಜನ ಕಾಲೇಜು ಹುಡುಗರು ದುಂಡಗೆ ಕೂತಿದ್ದರು. ಬ್ಯಾಂಕಿನ ನೌಕರಿಗೆ ಗುಂಪು ಚರ್ಚೆ ಇರುತ್ತದಂತೆ; ಅದರ ತಾಲೀಮು. ಕಲಿಸುವವಳು ಬಬಲೇಶ್ವರದ ಭೀಮಾಬಾಯಿ, ಅಲ್ಲೇ ಟೈಪಿಂಗ್ ಹೇಳಿಕೊಡುತ್ತಿದ್ದವಳು.

ಹಳ್ಳಿಗೆ ಮೊದಲು ರಸ್ತೆ ಬೇಕೋ, ಶಾಲೆ ಬೇಕೋ ಎಂದು ಐವರು ಒಟ್ಟಿಗೇ ಕಿರುಚುತ್ತಿದ್ದರು. ಆರನೆಯವನಾದ ಗೊಲ್ಲಾಳಪ್ಪನ ಸಿಳ್ಳಿಗೆ ಐದೂ ಬಾಯಿ ಮುಚ್ಚಿದವು.

"ಯಾಕ್ರೀ, ಇದೇನು ಕುರಿಹಟ್ಟಿ ಅಂತ ತಿಳದೀರೇನು?" ಭೀಮಾಬಾಯಿ ಸಿಡುಕಿದಳು.

"ಇಲ್ರಿ. ಕುರಿ ಆಗಿದ್ರ ಒಂದಾದ ಮ್ಯಾಲ ಒಂದು ಒದರತಿದ್ದುವು."

ಅವನು ಘೋಣಸಗಿಯವನು. ಕುರಿ ಕಾಯ್ದು ತಡವಾಗಿ ಕಾಲೇಜು ಸೇರಿದ್ದರಿಂದ ಅವಳಿಗಿಂತ ಎರಡು ವರ್ಷ ದೊಡ್ಡವನು.

ಅಂಕದ ಹಾಳೆಯಲ್ಲಿ ಮುಂದಾಳುತನಕ್ಕೆ ಹತ್ತು ಕೊಟ್ಟಳು. ನಡತೆಗೆ ಸೊನ್ನೆ. ಆಮೇಲೆ ಅವನ ಕಣ್ಣು ನೋಡಿದಳು. ಸೊನ್ನೆಯ ಮೇಲೆ ಇನ್ನೊಂದು ಸೊನ್ನೆ ಅಂಟಿಸಿ ಎಂಟು ಮಾಡಿದಳು. ಯಾಕೆ? ಅವಳಿಗೇ ಗೊತ್ತಾಗಲಿಲ್ಲ...

ಮುಂದೆ ಪ್ರತಿ ರವಿವಾರ ಅದೇ ಪಾಡು. ಬರುವಾಗ ಅವಳಿಗೆಂದು ಎಳೆ ಜೋಳದ ತೆನೆ ಸುಟ್ಟು ಉದುರಿಸಿದ ಸೀತನಿ ತರುತ್ತಿದ್ದ. ಸೀತನಿ ಸಿಗದ ಬೇಸಿಗೆಯಲ್ಲೂ ತಂದ ಎಂದರೆ ನೀವು ನಂಬುವುದಿಲ್ಲ; ಭೀಮಾಬಾಯಿ ತಿಂದಿದ್ದಾಳೆ. ಆದರೆ ಚರ್ಚೆ ಶುರುವಾದರೆ ಅವಳು ಹೇಳಿದ್ದಕ್ಕೆಲ್ಲ ಉಲ್ಟಾ!

'ಇವನಿಗೆ ನನ್ನ ಮೇಲೆ ಸಿಟ್ಟೋ, ಪ್ರೀತಿಯೋ?'

ಅರ್ಜಿ ಕಳಿಸುವ ಕಡೇ ದಿನ ಬಂತು. ಐದು ಗಂಟೆಗೆ ಟಪಾಲು ಹೊರಡುತ್ತದೆ. ಅವನು ಕೈಯಲ್ಲಿ ಬರೆದುಕೊಟ್ಟ ಅರ್ಜಿಯನ್ನು ಟೈಪ್ ಮಾಡುತ್ತ ಕಡೇ ಪುಟಕ್ಕೆ ಬಂದವಳು ಥಟ್ಟನೆ ನಿಂತಳು. ಅಭ್ಯರ್ಥಿಯನ್ನು ಬಲ್ಲ ಇಬ್ಬರ ಹೆಸರು ಬೇಕಿತ್ತು. ಮೊದಲನೆಯದು ಪ್ರಿನ್ಸಿಪಾಲರದು. ಎರಡನೆಯದು... ಭೀಮಾಬಾಯಿ. ಮುದ್ದಾಗಿ ಬರೆದು, ಅದರ ಮೇಲೆ ಮೂರು ಅಡ್ಡಗೆರೆ!

ಉಳಿದ ಐವರೂ ಅವಳ ಹೆಸರು ಬರೆದಿದ್ದರು. ಇವನೊಬ್ಬ...

"ಹೊಡದಾನಂದ್ರ ನೀ ಬ್ಯಾಡ ಅಂತ ಬೇ," ಎಂದಳು ಪಕ್ಕದ ಮಷೀನಿನ ಹುಸೇನಬಿ.

"ಬ್ಯಾಡಾಗಿದ್ರ ಯಾಕ ಬರದಾನು?"

"ಬೇಕಾಗಿದ್ರ ಯಾಕ ಹೊಡದಾನು?"

ಹುಸೇನಬಿ ಚಹಾ ತರಲು ಹೋದಳು. ಭೀಮಾಬಾಯಿ ಆ ಮೂರು ಗೆರೆಗಳನ್ನು ಮತ್ತೆ ಎಣಿಸಿದಳು.

ನಾಲ್ಕೂವರೆಗೆ ಅವನು ಬಂದ. ಅವಳು ಅರ್ಜಿಯನ್ನು ಅವನ ಮುಂದೆ ಹಿಡಿದಳು.

"ಇದೇನ್ರಿ?"

"ಹೆಸರ್ರಿ."

"ಯಾರದು?"

"ನಿಮ್ದ್ರಿ."

"ಹೊಡದವ್ರು?"

"ನಾನರೀ."

"ಬ್ಯಾಂಕಿನವ್ರು ಕೇಳಿದ್ರ ನಿಮ್ಮ ಬಗ್ಗೆ ಕೆಟ್ಟದ್ದು ಹೇಳತೇನಿ ಅಂತ ತಿಳದ್ರೇನು? ಅಷ್ಟೂ ನಂಬಿಕಿ ಇಲ್ಲ ನನ್ನ ಮ್ಯಾಲ!" ಕಣ್ಣಂಚಿನ ನೀರು ಜಾರಿಯೇ ಬಿಟ್ಟಿತು.

ಗೊಲ್ಲಾಳಪ್ಪ ಗಾಬರಿಯಾಗಿ ಕಿಸೆಯಿಂದ ಬ್ಯಾಂಕಿನ ಜಾಹೀರಾತು ತೆಗೆದು ಅದರ ಕೆಳಗಿನ ಸಣ್ಣ ಅಕ್ಷರಕ್ಕೆ ಬೆರಳಿಟ್ಟ. ಸಂಬಂಧಿಕರ ಹೆಸರು ಬರೆಯಕೂಡದು.

"ಅದಕ್ಕರಿ."

"ನಾ ನಿಮಗ ಯಾವ ಸಂಬಂಧಿ?!"

"ಇವತ್ತಲ್ರಿ... ಆದ್ರ ಅವರು ವಿಚಾರಣಿ ಮಾಡಾಕ ನಾಕು ತಿಂಗಳು ಹಿಡೀತೈತಂತ. ಅಷ್ಟರೊಳಗ ಅರ್ಜಿ ಸುಳ್ಳಾಗಬಾರದಲ್ರಿ..."

ಭೀಮಾಬಾಯಿ ಪಿಳಿಪಿಳಿ ನೋಡಿದಳು. 'ಇದು ಪ್ರೀತಿಯ ಮಾತೋ, ಅರ್ಜಿಯ ತಿದ್ದುಪಡಿಯೋ?'

"ಮತ್ತ ಚರ್ಚೆದಾಗ ಯಾವಾಗ್ಲೂ ಉಲ್ಟಾ ಯಾಕ ಮಾತಾಡ್ತಿದ್ರಿ?"

"ಹೂಂ ಅಂದ್ರ ನೀವು ಮುಂದಿನವನ ಕಡಿ ಹೊಳ್ಳತಿದ್ರಿ. ಊಹೂಂ ಅಂದ್ರ ಅರ್ಧ ತಾಸು ನನ್ನ ಕೂಡ ಮಾತಾಡ್ತಿದ್ರಿ."

ನಗು ಬಂತು. ನುಂಗಿದಳು. ಕೇಳದೆಯೇ ತನ್ನ ಹೆಸರು ಹೊಡೆದದ್ದಕ್ಕೆ ಇಷ್ಟಾದರೂ ಶಿಕ್ಷೆ ಬೇಡವೇ?

"ನಾ ಇನ್ನೂ ಒಪ್ಪಿಲ್ಲ. ಈಗ ನನ್ನ ಹೆಸರು ಟೈಪ್ ಮಾಡಿದ್ರ?"

ಅವನ ಮುಖ ಬಾಡಿತು. "ಮಾಡ್ರಿ. ಆಮ್ಯಾಲ ನಾ ಏನೂ ಕೇಳೂದಿಲ್ರಿ."

ಅವನು ಕಣ್ಣು ಮುಚ್ಚಿ ನಿಂತ. ಟಕ್... ಟಕ್... ಟಕ್... ಹಾಳೆ ಸರ್ರನೆ ಈಚೆ ಬಂತು.

"ನೋಡ್ರಿ."

ಎರಡನೆಯ ಸಾಲಿನಲ್ಲಿ ಗುರಲಿಂಗಪ್ಪ ಸಾವುಕಾರರ ಹೆಸರಿತ್ತು.

"ನಿಮ್ಮ ಹೆಸರು...?"

"ಸಂಬಂಧಿಕರದು ಹೆಂಗ ಬರೀಲಿ?" ಅವಳು ತಲೆ ತಗ್ಗಿಸಿದಳು. "ಸಾವುಕಾರರಿಗೆ ನಾ ಹೇಳತೇನಿ. ಲಗೂನ ಸಹಿ ಮಾಡ್ರಿ, ಟಪಾಲು ಹೋಗತೈತಿ."

"ಕೈ ನಡಗಾಕತ್ತೈತ್ರಿ."

"ಹಿಡೀಲೇನು?"

"ಹಿಡೀರಿ... ಸಹಿ ಆದ ಮ್ಯಾಲೂ ಬಿಡಬ್ಯಾಡ್ರಿ."