ಹನ್ನೊಂದನೇ ಕೊಕ್ಕೆಯ ಚಪ್ಪಲಿ

"ರೀ ಮೇಡಂ, ಮೊದ್ಲು ಚಪ್ಪಲಿ ಬಿಚ್ಚಿ!"

ಮೊದಲ ಭೇಟಿಯಲ್ಲೇ ಒಬ್ಬ ಗಂಡು ಒಬ್ಬ ಹೆಣ್ಣಿಗೆ ಹೀಗೆ ಗದರಿದ್ದು ಪ್ರಪಂಚದ ಪ್ರೇಮ ಚರಿತ್ರೆಯಲ್ಲೇ ಇದೇ ಮೊದಲು. ನಂಬಿ! ನಾನು ಒಂದಕ್ಕೆ ಹತ್ತು ಸೇರಿಸುತ್ತೇನೆಯೇ ಹೊರತು ಸೊನ್ನೆಗೆ ಏನನ್ನೂ ಸೇರಿಸುವವನಲ್ಲ.

ಗದರಿದವನು ಸರೋವರದ ದಡದಲ್ಲಿ ಕಯಾಕ್ ದೋಣಿ ಬಾಡಿಗೆಗೆ ಕೊಡುವವನು. ಗದರಿಸಿಕೊಂಡವಳು ಅಕ್ಕನ ಜೊತೆ ಮೂರು ದಿನದ ರಜೆಗೆ ಬಂದಿದ್ದ ಹಲ್ಲಿನ ಡಾಕ್ಟರು. ಕಡಿಮೆಯೆಂದರೂ ಮೂವತ್ತೆರಡು ಸಾವಿರ ಹಲ್ಲು ಕಿತ್ತ ಕೈ ಅವಳದು. ಒಮ್ಮೆಯೂ ನಡುಗಿದ್ದಿಲ್ಲ!

"ಯಾಕ್ರೀ ಬಿಚ್ಬೇಕು? ಇದೇನು ನಿಮ್ಮನೆ ಅಡುಗೆಮನೆನಾ?"

"ಇಲ್ಲಿ ಒಂದೇ ನಿಯಮ. ನಿಮ್ಮ ದೋಣಿ ನಂಬರ್ ಹನ್ನೊಂದು. ಹನ್ನೊಂದನೇ ಕೊಕ್ಕೆಗೆ ಚಪ್ಪಲಿ ನೇತು ಹಾಕಿ. ವಾಪಸ್ ಬಂದ್ಮೇಲೆ ತಗೊಳ್ಳಿ. ಸಂಜೆ ಕೊಕ್ಕೆಲಿ ಚಪ್ಪಲಿ ಉಳಿದಿದ್ರೆ, ಆ ಜೀವ ಇನ್ನೂ ನೀರಲ್ಲಿದೆ ಅಂತ ಅರ್ಥ. ನಾನು ಹುಡುಕ್ಕೊಂಡು ಹೋಗ್ತೀನಿ."

ಹೇಳುತ್ತಲೇ ಅವಳ ಲೈಫ್ ಜಾಕೆಟ್ಟಿನ ಪಟ್ಟಿಯನ್ನು ಬಿಗಿದು ನಕ್ಕ. ಆ ನಗುವಿನಲ್ಲಿ ಒಂದು ಹಲ್ಲು ಸೊಟ್ಟಗಿತ್ತು. ಅದನ್ನು ಸರಿಮಾಡಬೇಕೆಂದು ಅವಳಿಗೆ ಅನ್ನಿಸಲೇ ಇಲ್ಲ... ಕೆಲಸ ಕೆಟ್ಟಿತೆಂದು ಅಲ್ಲೇ ತಿಳಿಯಬೇಕಿತ್ತು!

ಎರಡು ದಿನ ಹುಟ್ಟು ಹಾಕುವುದನ್ನು ಕಲಿಸಿದ. ಅವಳು ಕಲಿತದ್ದನ್ನೇ ಮರೆತು ಮತ್ತೆ ಮತ್ತೆ ಕಲಿತಳು.

ಮೂರನೇ ದಿನ ಧೈರ್ಯ ಮಾಡಿದಳು. "ಆಚೆ ದಡದ ದ್ರಾಕ್ಷಿ ತೋಟಕ್ಕೆ ಹೋಗ್ತಿದೀನಿ. ವೈನ್ ರುಚಿ ನೋಡೋಕೆ. ನೀವೂ... ಬರ್ತೀರಾ?"

ಅವನು ಸಾಲಾಗಿದ್ದ ಚಪ್ಪಲಿಗಳ ಕಡೆ ನೋಡಿದ. "ಇಲ್ಲ ಡಾಕ್ಟ್ರೇ. ಗಿರಾಕಿಗಳ ಜೊತೆ ನಾನು ಹೋಗಲ್ಲ."

ಗಿರಾಕಿ!

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವಳು ಹುಟ್ಟು ಹಾಕಿದ ರಭಸಕ್ಕೆ ಮೀನುಗಳೆಲ್ಲ ಪಕ್ಕದ ಊರಿಗೆ ಗುಳೆ ಹೋದವು. ವೈನು ಒಂದು ಗುಟುಕಿಗೇ ಕಹಿಯಾಯಿತು. 'ಇನ್ನು ಅವನ ಮುಖ ನೋಡಲಾರೆ...' ದೋಣಿಯನ್ನು ಅಲ್ಲೇ ದಡಕ್ಕೆಳೆದು ಬಿಟ್ಟು, ಹೋಟೆಲಿನ ಕಡೆ ಹೊರಟಿದ್ದ ದ್ರಾಕ್ಷಿ ಟ್ರಾಕ್ಟರ್ ಹತ್ತಿಬಿಟ್ಟಳು. ಕೋಪದ ಕೈಗೆ ಬುದ್ಧಿ ಕೊಟ್ಟವಳಿಗೆ ಕಾಲಿನ ನೆನಪು ಎಲ್ಲಿಂದ ಬರಬೇಕು?

ಸಂಜೆ ರೂಮಿನಲ್ಲಿ ಬಟ್ಟೆ ತುರುಕುತ್ತಿದ್ದಳು. ಗಾಳಿಗೆ ಕಿಟಕಿ ಪಟಪಟ ಬಡಿಯುತ್ತಿತ್ತು.

"ಕಾಲೆಲ್ಲ ಏನೇ ಇಷ್ಟು ಕೊಳೆ?" ಎಂದಳು ಅಕ್ಕ. "ಚಪ್ಪಲಿ ಎಲ್ಲೇ?"

ಚಪ್ಪಲಿ... ಕೊಕ್ಕೆ... ಅಯ್ಯೋ!

ಬರಿಗಾಲಲ್ಲೇ ಓಡಿದಳು. ದೋಣಿಕಟ್ಟೆಯಲ್ಲಿ ಟಿಕೆಟ್ ಹರಿಯುವ ಅಜ್ಜಿ ಒಬ್ಬಳೇ ನಿಂತಿದ್ದಳು. ಕೊಕ್ಕೆಗಳೆಲ್ಲ ಖಾಲಿ. ಹನ್ನೊಂದರಲ್ಲಿ ಮಾತ್ರ ಅವಳ ಜೋಡಿ. ಅದರ ಪಕ್ಕದಲ್ಲಿ, ಹಡಗಿನಷ್ಟು ದೊಡ್ಡ ಇನ್ನೊಂದು ಜೋಡಿ...

"ಅಜ್ಜೀ, ಅವ್ರು?"

"ನೀನು ಇಲ್ಲೇ ಇದೀಯಾ!" ಅಜ್ಜಿಯ ಕನ್ನಡಕ ಕೆಳಗೆ ಬಿತ್ತು. "ನಿನ್ನ ಹುಡುಕೋಕೆ ಅಂತ ಅವನು ನೀರಿಗಿಳಿದು ಗಂಟೆ ಆಯ್ತಲ್ಲೇ ತಾಯಿ!"

"ಫೋನ್ ಮಾಡಿ!"

"ಫೋನ್ ಇಲ್ಲೇ ಬಿಟ್ಟು ಓಡಿದಾನೆ. ಕೊಕ್ಕೆ ಖಾಲಿಯಾಗೋವರೆಗೂ ಕಟ್ಟೆ ಬಿಟ್ಟು ಕದಲಲ್ಲ ಅನ್ನೋನು. ಬೆಳಿಗ್ಗೆ ನಿನಗೆ ಅದನ್ನೇ ಹೇಳೋಕೆ ಹೋಗಿ ಏನೇನೋ ಅಂದ್ನಂತೆ. 'ಕೆಟ್ಟೆ ಅಜ್ಜಿ' ಅಂತ ತಲೆ ಚಚ್ಚಿಕೊಂಡ, ಪಾಪಿ."

ಅವಳು ನೀರಿನ ಕಡೆ ತಿರುಗಿದಳು. ಅಲೆಗಳು ಆನೆಯೆತ್ತರ ಏಳುತ್ತಿದ್ದವು. ಸರಿ, ಮೊಣಕಾಲೆತ್ತರವೇ ಇರಬಹುದು. ಕಾಯುವವರ ಕಣ್ಣಿಗೆ ಆನೆಯೇ! 'ನನ್ನ ಕೋಪಕ್ಕೆ ಅವನು...' ಮುಂದಕ್ಕೆ ಯೋಚಿಸಲು ಹೆದರಿ, ಅವನ ಚಪ್ಪಲಿಯನ್ನು ಎದೆಗವಚಿಕೊಂಡಳು. ಈ ಒಂದು ಮಾತಿಗೆ ನಾನು ಏನನ್ನೂ ಸೇರಿಸುತ್ತಿಲ್ಲ: ಅವಳ ಕೈ ನಡುಗಿತು.

ಕೊನೆಗೆ ದೂರದಲ್ಲೊಂದು ಹಳದಿ ಚುಕ್ಕೆ... ಅವನೇ! ಹಿಂದೆ ಹಗ್ಗಕ್ಕೆ ಕಟ್ಟಿದ ಇನ್ನೊಂದು ದೋಣಿ. ನಂಬರ್ ಹನ್ನೊಂದು. ಗಾಳಿ ಅದನ್ನು ಆಚೆ ದಡದಿಂದ ನೀರಿಗೆಳೆದಿತ್ತು.

ದಡ ಮುಟ್ಟಿದರೂ ಅವನು ತಲೆ ಎತ್ತಲೇ ಇಲ್ಲ. "ಅಜ್ಜೀ, ಊರವರನ್ನೆಲ್ಲ ಕರೀರಿ... ಖಾಲಿ ದೋಣಿ ಸಿಕ್ತು. ಅವ್ರು..." ಧ್ವನಿ ಅಲ್ಲೇ ಒಡೆಯಿತು.

"ರೀ... ನಾನಿಲ್ಲಿದೀನಿ."

ಅವನು ನೋಡಿದ. ದೋಣಿಯಿಂದಿಳಿದವನು ಮೊಣಕಾಲುದ್ದದ ನೀರಿನಲ್ಲೇ ಕುಸಿದು ಕುಳಿತ. ಅವಳೂ ನೀರಿಗಿಳಿದಳು.

"ಟ್ರಾಕ್ಟರಲ್ಲಿ ಬಂದ್ಬಿಟ್ಟೆ. ಚಪ್ಪಲಿ ಮರೆತೆ. ತಪ್ಪಾಯ್ತು... ಒಬ್ಬ ಗಿರಾಕಿಗೋಸ್ಕರ ಇಂಥ ಗಾಳೀಲಿ..."

"ಗಿರಾಕಿ ಆಗಿದ್ರೂ ಹೋಗ್ತಿದ್ದೆ." ಅವನ ಹಲ್ಲು ಕಟಕಟ ಎನ್ನುತ್ತಿತ್ತು. "ಆದ್ರೆ ಸೀಟಿ ಊದ್ತಾ ಹೋಗ್ತಿದ್ದೆ. ಇವತ್ತು... ಊದೋಕೆ ಉಸಿರೇ ಬರ್ಲಿಲ್ಲ ಡಾಕ್ಟ್ರೇ."

ಅವಳು ಅಳುತ್ತಲೇ ಅವನ ಕೈ ಹಿಡಿದಳು. ಅಜ್ಜಿ ಕನ್ನಡಕ ಸಿಕ್ಕಿದ್ದರೂ ಹುಡುಕುತ್ತಲೇ ಇದ್ದಳು.

"ನಾಳೆ ಹೊರಡ್ತೀರಲ್ಲ?" ಎಂದ ಅವನು, ಮೆಲ್ಲಗೆ.

"ಹ್ಞೂಂ. ನನ್ನ ಚಪ್ಪಲಿ ಇಲ್ಲೇ ಇರುತ್ತೆ."

"ಮತ್ತೆ ಕಾಲಿಗೆ?"

ಅವಳು ದಡ ಹತ್ತಿ, ಅವನ ಆ ಹಡಗುಗಳೊಳಗೆ ಕಾಲು ತೂರಿಸಿದಳು. "ಇದಿದೆಯಲ್ಲ."

"ಅಯ್ಯೋ, ನನಗಿರೋದು ಅದೊಂದೇ ಜೋಡಿ!"

"ಬಂದು ತಗೊಂಡು ಹೋಗಿ. ಕೊಕ್ಕೆಲಿ ಚಪ್ಪಲಿ ಉಳಿದ್ರೆ ಏನು ಮಾಡ್ಬೇಕು ಅಂತ ನಿಮ್ಮದೇ ನಿಯಮ ಇದೆಯಲ್ಲ?"

ಸೊಟ್ಟ ಹಲ್ಲು ಮತ್ತೆ ಕಾಣಿಸಿತು. "ಹುಡುಕ್ಕೊಂಡು ಬರ್ತೀನಿ."