ಹುಳುಮನೆಯ ಹೊರಗಿದ್ದ ಫೋನು

ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಚಿಕ್ಕಬಳ್ಳಾಪುರದ ಸೈಬರ್ ಠಾಣೆಗೆ ಸೌಜನ್ಯ ಎಂಬಾಕೆ ದೂರು ತಂದಳು. ಶಿಡ್ಲಘಟ್ಟದ ಖಾಸಗಿ ಶಾಲೆಯೊಂದರಲ್ಲಿ ಗುಮಾಸ್ತೆ. ತಾನು ಅಣ್ಣ ನರೇಂದ್ರನೊಂದಿಗೆ ಹಂಚಿಕೊಂಡ ಮೆಸೇಜುಗಳು ಒಂದಕ್ಷರ ಬಿಡದೆ ಚಿಂತಾಮಣಿಯ ಒಂದು ಮನೆಗೆ ತಲುಪಿವೆ, ಅದರಿಂದ ಕುದುರಿದ್ದ ಮದುವೆಯೊಂದು ಮುರಿದುಬಿದ್ದಿದೆ, ತನ್ನ ಫೋನಿನೊಳಗೆ ಯಾರೋ ಕಣ್ಣಿಟ್ಟಿದ್ದಾರೆ ಎಂಬುದು ದೂರಿನ ಸಾರ.

ಇನ್‌ಸ್ಪೆಕ್ಟರ್ ಕಲ್ಯಾಣಿ ಓದಿ ಮುಗಿಸಿ ತಲೆಯೆತ್ತಿದರು.

"ಯಾರ ಮದುವೆ?"

"ನಮ್ಮ ಸಂಬಂಧಿಕರದು ಮೇಡಂ."

"ಫೋನು ಯಾರ ಕೈಗಾದ್ರೂ ಕೊಟ್ಟಿದ್ರಾ?"

"ನನ್ನ ಗಂಡನ ಕೈಗೂ ಕೊಡಲ್ಲ. ಮಗು ಫೋಟೊ, ಬ್ಯಾಂಕಿನ ಓಟಿಪಿ ಎಲ್ಲಾ ಅದರಲ್ಲೇ ಇದೆ. ಯಾರು ನೋಡ್ತಿದಾರೋ ಅಂತ ನಿದ್ದೇನೇ ಬರಲ್ಲ."

ಕಣ್ಣೀರು ನಿಜವಾದದ್ದೇ. 'ಸಂಬಂಧಿಕರು' ಎಂಬ ಮಾತು ಮಾತ್ರ ಅಷ್ಟು ನಿಜವಲ್ಲ ಎಂದು ಕಲ್ಯಾಣಿಗೆ ಅನಿಸಿತು. ಆದರೆ ಅನಿಸಿದ್ದನ್ನೆಲ್ಲ ಬರೆಯಲು ಎಫ್‌ಐಆರ್‌ನಲ್ಲಿ ಜಾಗವಿರುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಪ್ರಕರಣ ದಾಖಲಾಯಿತು.

ಕಾನ್‌ಸ್ಟೇಬಲ್ ಅಂಬರೀಶ್ ಫೋನು ಜಾಲಾಡಿದ. ಮಗುವಿನ ಆಟಗಳ ನಡುವೆ ಒಂದು ಆಪ್ ಅವಿತು ಕೂತಿತ್ತು. ಫೋನನ್ನು ಕಂಪ್ಯೂಟರಿಗೆ ಜೋಡಿಸುವ ಆಪ್ ಅದು.

"ಮೆಸೇಜ್ ನೋಡ್ಲಾ, ಫೋಟೊ ನೋಡ್ಲಾ, ನಂಬರ್ ನೋಡ್ಲಾ ಅಂತ ಇದು ಕೇಳಿದೆ ಮೇಡಂ. ಯಾರೋ ಎಲ್ಲಕ್ಕೂ ಹೂಂ ಅಂತ ಒತ್ತಿದಾರೆ. ಇಲ್ಲಿ ಬಂದಿದ್ದೆಲ್ಲ ಆ ಕಂಪ್ಯೂಟರಲ್ಲೂ ಕಾಣತ್ತೆ."

"ಯಾವ ಕಂಪ್ಯೂಟರ್?"

"ಹೆಸರೇ ಇಲ್ಲ. ಕಂಪನಿಯೋರು ಕೊಟ್ಟ ಅಕ್ಷರ, ಅಂಕಿ ಅಷ್ಟೆ. ಹಾಕಿರೋದು ಹೋದ ತಿಂಗಳು ಹದಿನಾಲ್ಕನೇ ತಾರೀಕು."

ಆ ದಿನ ಎಲ್ಲಿದ್ದಿರಿ ಎಂದು ಕೇಳಿದರೆ ಸೌಜನ್ಯ ತಡವರಿಸಲಿಲ್ಲ. "ಸಾದಲೀಲಿ, ಅಮ್ಮನ ಮನೇಲಿ. ರೇಷ್ಮೆಹುಳು ಹಣ್ಣಾಗಿ ಗೂಡು ಕಟ್ಟೋ ಹೊತ್ತು. ಕೈ ಸಾಲಲ್ಲ ಅಂತ ಕರೆಸ್ಕೊಂಡಿದ್ರು."

ಕಲ್ಯಾಣಿ ಚಿಂತಾಮಣಿಗೆ ಫೋನ್ ಮಾಡಿದರು. ಎತ್ತಿದವರು ಮದುವೆ ಮುರಿದ ಆ ಮನೆಯ ಹುಡುಗಿಯ ತಂದೆ ವೆಂಕಟರಾಮಪ್ಪ.

"ನಿಮಗೆ ಆ ಮೆಸೇಜು ಕಳಿಸಿದ ನಂಬರ್ ಹೇಳಿ."

"ಹೇಳಲ್ಲ ತಾಯಿ."

"ನೋಟಿಸ್ ಕೊಡಬೇಕಾಗತ್ತೆ."

"ಕೊಡಿ, ಬಂದು ತಗೊಳ್ತೀನಿ. ನಂಬರ್ ಕೊಡಲ್ಲ. ಅದರಲ್ಲಿ ಏನಿತ್ತು ಅಂತ ದೂರು ಕೊಟ್ಟೋರನ್ನೇ ಕೇಳಿ."

ಕೇಳಿದಾಗ ಸೌಜನ್ಯ "ಮನೆ ವಿಷಯ ಮೇಡಂ" ಎಂದು ನೆಲ ನೋಡಿದಳು. ಕಲ್ಯಾಣಿಗೆ ಸಿಟ್ಟು ನೆತ್ತಿಗೇರಿತು. ದೂರು ಕೊಟ್ಟವರೇ ಅರ್ಧ ನುಂಗಿಕೊಂಡರೆ ಪೊಲೀಸರು ಏನನ್ನು ತನಿಖೆ ಮಾಡಬೇಕು? ಸೌಜನ್ಯಳನ್ನೂ ಕೂರಿಸಿಕೊಂಡು ಜೀಪು ತೆಗೆಯಲು ಹೇಳಿದರು.

ಸಾದಲಿಯಲ್ಲಿ ಸೌಜನ್ಯಳ ತಾಯಿ ಚಿಕ್ಕವೆಂಕಟಮ್ಮ ಹುಳುಮನೆಯ ಬಾಗಿಲಲ್ಲೇ ಪೊಲೀಸರನ್ನು ತಡೆದರು.

"ಬೂಟು, ಫೋನು ಎಲ್ಲಾ ಹೊರಗೇ ಇರಲಮ್ಮ. ಕೈಕಾಲು ತೊಳ್ಕೊಂಡು ಬನ್ನಿ. ಹುಳಕ್ಕೆ ಆಗಿಬರಲ್ಲ."

ಸರ್ಕಾರದ ಬೂಟಿಗೂ ಅಲ್ಲಿ ರಿಯಾಯಿತಿ ಇರಲಿಲ್ಲ. ಕಲ್ಯಾಣಿ ತಮ್ಮ ಫೋನನ್ನು ಕಿಟಕಿಯ ಮೇಲಿಟ್ಟು ಒಳಗೆ ಹೋದರು.

"ಹದಿನಾಲ್ಕಕ್ಕೆ ಯಾರ್ಯಾರು ಬಂದಿದ್ರಮ್ಮ?"

"ಯಾರೂ ಇಲ್ಲ. ನಾನು, ಮಗ, ಮಗಳು. ಹಣ್ಣಾದ ಹುಳ ಆರಿಸಿ ಗೂಡು ಕಟ್ಟೋ ಚಂದ್ರಿಕೆ ತಟ್ಟೆಗೆ ಬಿಡ್ತಾ ಇದ್ವಿ. ಸಂಜೆಗಂಟ ಒಳಗೇ."

"ಫೋನುಗಳು?"

"ಹೊರಗೆ ಜಗಲಿ ಮೇಲೆ."

"ಒಳಗೆ ಬರದೇ ಇದ್ದೋರು ಯಾರು?"

ಚಿಕ್ಕವೆಂಕಟಮ್ಮ ಯೋಚಿಸಿದರು. ಮುಚ್ಚಿಡಬೇಕೆಂದಲ್ಲ, ನಿಜಕ್ಕೂ ನೆನಪಾಗಲಿಲ್ಲ.

"ಓ, ಸೊಸೆ. ಹೊರಗಾಗಿದ್ಲು. ಮುಟ್ಟಾದೋರು ಹುಳ ಇರೋ ಕಡೆ ಬರಬಾರದು. ಸೌಜನ್ಯನ ಮಗು ನೋಡ್ಕೊಂಡು ಜಗಲೀಲಿ ಕೂತಿದ್ಲು."

"ಸೊಸೆ ಅಂದ್ರೆ?"

"ಶೋಭಾರಾಣಿ. ನಮ್ಮ ನರೇಂದ್ರನ ಹೆಂಡ್ತಿ."

ಅಂಬರೀಶ್ ಬರೆಯುವುದನ್ನು ನಿಲ್ಲಿಸಿದ. ಕಲ್ಯಾಣಿ ಸೌಜನ್ಯಳ ಕಡೆ ತಿರುಗಿದರು.

"ಮುರಿದಿದ್ದು ನಿಮ್ಮಣ್ಣನ ಎರಡನೇ ಮದುವೆನಾ?"

ಸೌಜನ್ಯ ಹಿತ್ತಲಿನ ಬಾಗಿಲ ಕಡೆ ನೋಡಿದಳು.

ಶೋಭಾರಾಣಿ ಹಿತ್ತಲಲ್ಲಿ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಕೇಳುವ ಮೊದಲೇ ಒಳಗಿನಿಂದ ಲ್ಯಾಪ್‌ಟಾಪ್ ತಂದಿಟ್ಟಳು. ದೂರಶಿಕ್ಷಣದ ಬಿ.ಕಾಂ. ಓದಲೆಂದು ತವರಿನಿಂದ ತಂದದ್ದು.

"ಮಗು ಕಾರ್ಟೂನ್ ನೋಡ್ತಿತ್ತು, ಫೋನು ತೆರೆದೇ ಇತ್ತು ಮೇಡಂ. ಮದುವೆ ಬ್ರೋಕರ್ ಒಂದು ಹುಡುಗಿ ಫೋಟೊ ಕಳಿಸ್ದ. ಹುಡುಗನಿಗೆ ಒಪ್ಪಿಗೇನಾ ಅಂತ ಕೇಳಿದ್ದ. ಹುಡುಗ ಅಂದ್ರೆ ನನ್ನ ಗಂಡ."

"ಅವರನ್ನೇ ಕೇಳಬಹುದಿತ್ತಲ್ಲ?"

"ಮಕ್ಕಳಾಗಲಿಲ್ಲ ಅಂದಾಗಿನಿಂದ ನಾನು ಬಂದ ತಕ್ಷಣ ಮಾತು ನಿಲ್ಲತ್ತೆ. ಯಾರನ್ನ ಕೇಳಲಿ? ಅದಕ್ಕೇ ಆ ಆಪ್ ಹಾಕಿ ಇದಕ್ಕೆ ಜೋಡಿಸ್ದೆ. ಹೆಂಡ್ತಿ ಬಿಟ್ಟೋದ್ಲು, ಡೈವೋರ್ಸ್ ಆಗಿದೆ ಅಂತ ಆ ಹುಡುಗಿ ಮನೆಗೆ ಹೇಳಿದ್ರು. ಓದಿ ಸುಮ್ನಿರಕ್ಕಾಗ್ಲಿಲ್ಲ. ಹೊಸ ಸಿಮ್ ತಗೊಂಡು ಎಲ್ಲಾ ಕಳಿಸ್ದೆ."

"ಏನೇ, ಮನೆ ಮಾನ..." ಎಂದು ನರೇಂದ್ರ ಮುಂದೆ ಬಂದ.

"ನೀವು ಸುಮ್ನಿರಿ. ನಿಮ್ಮ ಹತ್ರಾನೂ ಕೇಳೋದಿದೆ" ಎಂದರು ಕಲ್ಯಾಣಿ.

ಅಕ್ಕಪಕ್ಕದ ಇಬ್ಬರ ಸಮಕ್ಷಮ ಪಂಚನಾಮೆ ನಡೆಯಿತು. ಸೌಜನ್ಯಳ ಫೋನಿನಲ್ಲಿ ಕಂಡ ಅಕ್ಷರ, ಅಂಕಿಗಳೂ ಲ್ಯಾಪ್‌ಟಾಪಿನವೂ ಒಂದೇ ಆಗಿದ್ದವು. ಮಧ್ಯಾಹ್ನ ಮೂರೂವರೆಗೆ ಶೋಭಾರಾಣಿಯ ಬಂಧನವಾಯಿತು. ಕಲ್ಯಾಣಿಗೆ ಆ ಬಂಧನದಲ್ಲಿ ಸ್ವಲ್ಪವೂ ಸಂತೋಷವಿರಲಿಲ್ಲ. ಹಾಗೆಂದು ಕಾನೂನು ಬಿಟ್ಟು ನಡೆಯುವ ಜಾಯಮಾನವೂ ಅವರದಲ್ಲ.

ಜೀಪಿನಲ್ಲಿ ಕೇಳಿದರು. "ಇನ್ನೊಬ್ಬರ ಫೋನು ನೋಡೋದು ತಪ್ಪು. ಗೊತ್ತಿತ್ತಾ?"

"ಗೊತ್ತಿತ್ತು ಮೇಡಂ. ಮಗು ಫೋಟೊನೂ ಬರ್ತಿತ್ತು. ಒಂದೂ ನೋಡಿಲ್ಲ ಅಂದ್ರೆ ಸುಳ್ಳಾಗತ್ತೆ. ದಿನಾ ನೋಡ್ತಿದ್ದೆ."

ಗಂಡನ ಮನೆಯವರ ಮೇಲೆ ದೂರು ಕೊಡುವುದಾದರೆ ಇವತ್ತೇ ಬರೆದುಕೊಳ್ಳುತ್ತೇನೆ ಎಂದರು ಕಲ್ಯಾಣಿ. ಶೋಭಾರಾಣಿ ಕೊಡುತ್ತೇನೆಂದಳು.

ಠಾಣೆಯಲ್ಲೇ ಜಾಮೀನು ಕೊಡಬಹುದಾದ ಪ್ರಕರಣ. ಜಾಮೀನುದಾರರು ಬೇಕಿತ್ತು. ನರೇಂದ್ರನ ಫೋನು ಸ್ವಿಚ್ ಆಫ್. ಗೌರಿಬಿದನೂರಿನ ತವರಿನಿಂದ ಶೋಭಾರಾಣಿಯ ಅಣ್ಣ ಹೇಳಿದ್ದು ಇಷ್ಟೆ: "ಮರ್ಯಾದೆ ಕಳೆದ್ಲು. ನಾವು ಬರಲ್ಲ." ಕಲ್ಯಾಣಿ ಕೇಸ್ ಡೈರಿಯಲ್ಲಿ ಕೃತ್ಯದ ಕಾರಣ ಬರೆದರು: ತನ್ನ ಬಗ್ಗೆ ಮನೆಯಲ್ಲಿ ಆಡುವ ಮಾತನ್ನು ತಿಳಿಯಲು, ತಿಳಿದ ಮೇಲೆ ಮತ್ತೊಬ್ಬಳು ಮೋಸಹೋಗದಿರಲೆಂದು. ಆಮೇಲೆ ಚಿಂತಾಮಣಿಗೆ ತಾವೇ ಫೋನ್ ಮಾಡಿ, ನಂಬರ್ ಬೇಕಾಗಿಲ್ಲ, ಆರೋಪಿ ಸಿಕ್ಕಿದ್ದಾಳೆ, ಜಾಮೀನಿಗೆ ಅವಳ ಮನೆಯವರು ಯಾರೂ ಬರುತ್ತಿಲ್ಲ ಎಂದು ವೆಂಕಟರಾಮಪ್ಪನವರಿಗೆ ತಿಳಿಸಿದರು.

ಐದೂಮುಕ್ಕಾಲಿಗೆ ವೆಂಕಟರಾಮಪ್ಪ ಜಾಮೀನಿಗೆಂದು ಜಮೀನಿನ ಪಹಣಿ ಹಿಡಿದುಕೊಂಡು ಬಂದರು. ಜೊತೆಯಲ್ಲಿ ಮಗಳು.

"ಆರೋಪಿ ನಿಮಗೇನಾಗಬೇಕು?" ಅಂಬರೀಶ್ ಪೆನ್ನು ಹಿಡಿದು ಕೇಳಿದ.

"ಏನೂ ಆಗಬೇಕಾಗಿಲ್ಲಪ್ಪ. ಆಗಬೇಕಾದೋರು ಬಂದಿಲ್ಲವಲ್ಲ, ಅದಕ್ಕೇ ಬಂದೆ."

ಮಗಳು ಬೆಂಚಿನ ಮೇಲೆ ಶೋಭಾರಾಣಿಯ ಪಕ್ಕ ಕೂತು, "ಊಟ ಆಯ್ತಾ ಅಕ್ಕ?" ಎಂದಳು.

ಶೋಭಾರಾಣಿ ಅಲ್ಲಿಯವರೆಗೂ ಅತ್ತಿರಲಿಲ್ಲ.