ದೊಡ್ಡವ್ವನ ರತ್ನಗಂಬಳಿ

ತೆರಕಣಾಂಬಿಯ ತನ್ನ ಮನೆಯಲ್ಲಿ ಮಂಗಳಗೌರಿ ರಾಗಿಹಿಟ್ಟು ಜರಡಿ ಹಿಡಿಯುತ್ತಿದ್ದಾಗ ಓರಗಿತ್ತಿ ಲಕ್ಷ್ಮಿದೇವಿ ಬೆಳಗಿನ ಬಸ್ಸಿಗೇ ಬಂದಿಳಿದಳು.

"ಕೈ ತೊಳ್ಕೊ ಕಣಮ್ಮಿ. ನಂಗೊಂದು ರತ್ನಗಂಬಳಿ ತಂದ್ಕೊಡು. ಮಿಷನ್ನಿಂದಲ್ಲ, ಟಿಬೆಟಿನೋರು ಕೈಯಲ್ಲಿ ನೇದಿರೋದು. ನಿನ್ ತವ್ರು ಒಡೆಯರಪಾಳ್ಯದ ತಾವಲ್ವಾ, ಅಸಲಿ ಯಾವ್ದು ಅಂತ ನಿಂಗೆ ಗೊತ್ತಾಯ್ತದೆ."

ಚಾಮರಾಜನಗರ ಆಗಷ್ಟೇ ಜಿಲ್ಲೆಯಾಗಿತ್ತು. ಲಕ್ಷ್ಮಿದೇವಿಯ ಗಂಡನಿಗೆ ಅಲ್ಲಿ ಆಫೀಸು, ಹೊಸ ಮನೆ, ಹೊಸ ಸೋಫಾ. ಗೃಹಪ್ರವೇಶದ ದಿನ ಆ ಸೋಫಾ ಹತ್ತಿದ್ದ ಪುಟ್ಟ ಭಾನುವನ್ನು ಅವಳು ನಾಲ್ಕು ಜನರೆದುರು ಇಳಿಸಿದ್ದಳು: "ಕಾಲೆಲ್ಲ ಮಣ್ಣು, ಕೆಳಕ್ಕೆ ಕೂತ್ಕ." ಮಗಳು ಬರಿನೆಲದ ಮೇಲೆ ಕಾಲು ಮುದುಡಿಕೊಂಡದ್ದು ಮಂಗಳಗೌರಿಯ ಎದೆಯಲ್ಲಿ ಮುಳ್ಳಾಗಿ ಉಳಿದಿತ್ತು.

ಅಸಲಿ ತನ್ನ ಮಗಳಿಗೆ, ನಕಲಿ ಅಕ್ಕನಿಗೆ. ಹಾಗೆಂದು ಅವಳು ಹಿಟ್ಟಿನ ಕೈ ತೊಳೆಯುತ್ತಲೇ ನಿಶ್ಚಯಿಸಿದಳು.

ಒಡೆಯರಪಾಳ್ಯದ ಟಿಬೆಟಿನವರ ಕ್ಯಾಂಪಿನಲ್ಲಿ ಕಂಬಳಿಗಳನ್ನು ಮಗುಚಿ, ಹಿಂಬದಿಯ ಗಂಟುಗಳನ್ನು ಬೆರಳಿನಿಂದ ಸವರಿ, ತಾವರೆಯ ಚಿತ್ರದ್ದೊಂದನ್ನು ಆರಿಸಿ ಲಕ್ಷ್ಮಿದೇವಿ ಕೊಟ್ಟ ದುಡ್ಡಿನಲ್ಲಿ ಕೊಂಡಳು. ಕೋಳಿ ಮಾರಿ ಮೈಸೂರಿನಲ್ಲಿ ಅಂಥದೇ ಮಿಷನ್ ಕಂಬಳಿ ಕೊಂಡಳು. ಅದರ ಹಿಂಬದಿ ಕಾಣದಂತೆ ದಪ್ಪ ಬಟ್ಟೆ ಹೊಲಿದಳು. ಅಂಚಿಗೆ ಅಂಟಿಸಿದ್ದ ಕುಚ್ಚು ಬಿಚ್ಚಿ ಕೈಯಾರೆ ಗಂಟು ಹಾಕಿದಳು. ಉಣ್ಣೆಯ ವಾಸನೆ ಹಿಡಿಯಲೆಂದು ಪಕ್ಕದ ಮನೆಯ ಕುರಿದೊಡ್ಡಿಯಲ್ಲಿ ಸುತ್ತಿಟ್ಟಳು. ಎಳೆ ಸುಟ್ಟು ನೋಡಿದರೆ? ಉಣ್ಣೆಯಾದರೆ ಕೂದಲಿನಂತೆ ಉರಿಯುತ್ತದೆ, ಮಿಷನ್ ನೂಲು ಕರಗುತ್ತದೆ. ಒಂದು ಮೂಲೆಗೆ ಅಸಲಿ ಉಣ್ಣೆಯನ್ನೇ ಪೋಣಿಸಿದಳು.

ಅಸಲಿಯನ್ನು ಅಟ್ಟದ ಮೇಲಿಟ್ಟು, ಮಧ್ಯಾಹ್ನ ಕದವಿಕ್ಕಿ ಕೆಳಗಿಳಿಸಿ ಹಾಸಿ ಭಾನುವನ್ನು ಅದರ ಮೇಲೆ ಮಲಗಿಸುತ್ತಿದ್ದಳು. ಮಗು ಏನೋ ಕೇಳಲು ಬಾಯಿ ತೆರೆದಾಗಲೆಲ್ಲ ಬೆಲ್ಲದ ಚೂರು ಇಡುತ್ತಿದ್ದಳು. ಮಗಳು ನಿದ್ದೆ ಹೋದ ಮೇಲೆ ತಾನು ಮಾತ್ರ ಅದರ ಮೇಲೆ ಕೂರಲಾರದೆ ಹೊಸ್ತಿಲಲ್ಲಿ ಕೂರುತ್ತಿದ್ದಳು.

ಚಾಮರಾಜನಗರದಲ್ಲಿ ಕಂಬಳಿ ಬಿಚ್ಚಿದಾಗ ಮಂಗಳಗೌರಿ ಉಣ್ಣೆ ಪೋಣಿಸಿದ್ದ ಮೂಲೆಯನ್ನೇ ಮುಂದೊಡ್ಡಿದಳು.

"ಎಳೆ ಕಿತ್ತು ಸುಟ್ಟು ನೋಡಕ್ಕ."

ಲಕ್ಷ್ಮಿದೇವಿ ಸುಟ್ಟಳು. ಕೂದಲು ಸುಟ್ಟ ವಾಸನೆ.

"ಹಿಂದ್ಗಡೆ ಬಟ್ಟೆ ಯಾಕಮ್ಮಿ?"

"ನೆಲದ ಥಂಡಿ ಹಿಡೀದಿರ್ಲಿ ಅಂತ ನಾನೇ ಹೊಲ್ದೆ ಕಣಕ್ಕ."

"ನೀನು ಬುಡು, ಜಾಣೆ!" ಲಕ್ಷ್ಮಿದೇವಿ ನಕ್ಕು ಭಾನುವಿನತ್ತ ಕೈಚಾಚಿದಳು. "ಬಾರವ್ವ. ಅವತ್ತು ಬೈದ್ಬುಟ್ಟೆ, ಆಮೇಲೆ ನಂಗೆ ಅನ್ನ ಸೇರ್ನಿಲ್ಲ. ಮಕ್ಳು ಕಾಲು ಚಾಚ್ಕೊಂಡು ಆಡ್ಲಿ ಅಂತ್ಲೇ ಇದ ತರ್ಸಿದ್ದು. ಮೊದ್ಲು ನೀನೇ ಕೂತ್ಕ."

ಮಂಗಳಗೌರಿ ಬಗ್ಗಿ ಕಂಬಳಿಯ ಕುಚ್ಚು ಸರಿಮಾಡತೊಡಗಿದಳು.

ಹೊಸ ವಸ್ತು ಮನೆಗೆ ಬಂದರೆ ಮೊದಲು ಆರತಿ ಎತ್ತದ ಹೆಂಗಸು ಈ ಸೀಮೆಯಲ್ಲಿಲ್ಲ. ಅದೊಂದು ಅವಳ ಲೆಕ್ಕಕ್ಕೆ ಬಂದಿರಲಿಲ್ಲ. ಲಕ್ಷ್ಮಿದೇವಿ ಬೆಳಗಿದ ತಟ್ಟೆಯಿಂದ ಉರಿವ ಕರ್ಪೂರ ಜಾರಿ ತಾವರೆಯ ನಟ್ಟನಡುವೆ ಬಿತ್ತು. ಎಸಳು ಕರಗಿ, ಕಪ್ಪಗೆ ಗಟ್ಟಿಯಾಗಿ, ಪ್ಲಾಸ್ಟಿಕ್ಕಿನ ಕಮಟು ಎದ್ದಿತು. ಅಂಚಿನಲ್ಲಿ ಕೂತಿದ್ದ ಭಾನು ಬಗ್ಗಿ ನೋಡಿ, ಇಷ್ಟು ದಿನ ಬೆಲ್ಲದ ಜೊತೆ ನುಂಗಿದ್ದ ಕಂಬಳಿಯ ಮಾತನ್ನು ಆಡಿಯೇಬಿಟ್ಟಳು: "ಅವ್ವ, ನಮ್ಮಟ್ಟೀಲಿರೋ ಕಂಬ್ಳಿಗೂ ನೀನು ಆರತಿ ಎತ್ತಿದಾಗ ಕಿಡಿ ಬಿತ್ತಲ್ಲ, ಅದ್ಯಾಕೆ ಇಂಗೆ ಕರಗ್ನಿಲ್ಲ?"